ಕೆಲಸ, ಸ್ಥಿತಿ, ಕಾರಣ

ಸ್ವಲ್ಪ ತಡೆದುಕೊಳ್ಳಿ. ಕೈಯಲ್ಲಿ ಕಾಫಿ ಲೋಟ ಇದ್ದರೆ ಮೊದಲು ಕೆಳಗಿಟ್ಟುಬಿಡಿ. ಈಗ ಹೇಳಹೊರಟಿರುವುದನ್ನು ಕೇಳಿದ ಮೇಲೆ ಲೋಟ ಕೈಯಲ್ಲಿ ನಿಲ್ಲುವುದಿಲ್ಲ. ನನ್ನ ಕೈಯಲ್ಲಂತೂ ನಿಲ್ಲಲಿಲ್ಲ. ಊರಿಗಾಂನಲ್ಲಿ ನನ್ನ ಗೆಳತಿ ಶೆಲ್ವಿಯ ಮನೆ ಮೆಟ್ಟಿಲಿನ ಮೇಲೆ ಅದರ ಕಲೆ ಇನ್ನೂ ಇದೆ, ಅನುಮಾನವಿದ್ದರೆ ಹೋಗಿ ನೋಡಬಹುದು.

ಆಗಿದ್ದು ಇಷ್ಟು. ನಾನು ಒಂದು ಯಂತ್ರಕ್ಕೆ ಮಾತು ಕಲಿಸಿದೆ. ಅದು ಮಾತಾಡಬಾರದ ಜಾಗದಲ್ಲಿ ಮಾತಾಡಿತು. ಮಾತಾಡಿದರೆ ಮಾತಾಡಿಕೊಳ್ಳಲಿ, ಅದಕ್ಕೆ ನಮ್ಮ ಬೀದಿಗೆ ಬೀದಿಯೇ ಉತ್ತರ ಕೊಟ್ಟಿತು! ಆ ದಿನದಿಂದ ನನ್ನ ಬಾಯಿ ಪೂರ್ತಿಯಾಗಿ ಮುಚ್ಚಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಫ್ಟ್‌ವೇರ್ ಓದಿದವಳಲ್ಲ. ಓದಿದ್ದು ಬಿ.ಕಾಂ. ಕೋಡ್ ಬರೆಯಲು ಕಲಿತದ್ದು ಮನೆಯ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿಗೆ ಒರಗಿಕೊಂಡು, ಫೋನಿನಲ್ಲಿ ವಿಡಿಯೋ ನೋಡಿ. ನಮ್ಮೂರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿದೆ, ಅಲ್ಲಿ ವಿಡಿಯೋ ನಿಲ್ಲದೆ ಓಡುವುದು ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಹೀಗೆ ತಾವೇ ಕಲಿತವರಿಗೆ ಒಂದು ಕಾಯಿಲೆ ಇರುತ್ತದೆ. ಸೈಕಲ್ ಹೊಡೆಯಲು ಹೊಸದಾಗಿ ಕಲಿತವರು ಪಕ್ಕದ ಮನೆಗೆ ಮಜ್ಜಿಗೆ ಕೇಳಲೂ ಸೈಕಲ್ಲಿನಲ್ಲೇ ಹೋಗುತ್ತಾರಲ್ಲ, ಹಾಗೆ. ಬೇಕೋ ಬೇಡವೋ, ಕಲಿತದ್ದನ್ನೆಲ್ಲ ಎಲ್ಲಾದರೂ ಅಂಟಿಸಬೇಕು.

ನಾನೂ ಶೆಲ್ವಿಯೂ ಸೇರಿ 'ಹಾಲಿನ ಗಾಡಿ' ಎಂಬ ಆ್ಯಪ್ ಮಾಡುತ್ತಿದ್ದೆವು. ಬೆಳಗ್ಗೆ ಡೈರಿಯ ಕ್ಯಾನುಗಳನ್ನು ಒಯ್ಯುವ ಗಾಡಿ ಎಲ್ಲಿಯವರೆಗೆ ಬಂದಿದೆ ಎಂದು ಅದು ತೋರಿಸುತ್ತದೆ. ಗಾಡಿ ಒಂದೊಂದು ದಿನ ಬೇಗ ಬಂದು ಹೊರಟುಬಿಡುತ್ತದೆ, ತಡವಾಗಿ ಬಂದವರು ಹಾಲನ್ನು ಮನೆಗೆ ವಾಪಸ್ ಹೊತ್ತುಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಡೈರಿಯ ಸೆಕ್ರೆಟರಿಯೇ ಆಸೆಪಟ್ಟು ನನ್ನನ್ನು ಡೈರಿಯ ಫೋನ್ ಗ್ರೂಪಿಗೆ ಅಡ್ಮಿನ್ ಮಾಡಿದ್ದರು. ನಾನೂ ಒಂದು ಸ್ಥಾನಮಾನ ಸಿಕ್ಕಿತೆಂದು ನೆಟ್ಟಗೆ ನಡೆಯತೊಡಗಿದ್ದೆ.

ಆ್ಯಪ್ ಎಂದರೆ ಬರೆದ ತಕ್ಷಣ ಓಡುವ ವಸ್ತುವಲ್ಲ. ನಾನು ಬರೆದದ್ದು, ಶೆಲ್ವಿ ಬರೆದದ್ದು, ಯಾರೋ ಪುಣ್ಯಾತ್ಮರು ಎಂದೋ ಬರೆದಿಟ್ಟದ್ದು, ಎಲ್ಲವನ್ನೂ ಸೇರಿಸಿ ಒಂದಾಗಿ ಕಟ್ಟಬೇಕು. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಮುದ್ದೆ ತೊಳಸಿದವರಿಗೆ ಇದನ್ನು ವಿವರಿಸುವುದೇ ಬೇಡ. ಎಸರು, ಹಿಟ್ಟು, ಕೋಲು ಎಲ್ಲ ಸರಿಯಿದ್ದೂ ಎಲ್ಲೋ ಒಂದು ಗಂಟು ಉಳಿದರೆ ಇಡೀ ಮುದ್ದೆಗೇ ಕೆಟ್ಟ ಹೆಸರು. ಈ ಕಟ್ಟುವ ಕೆಲಸವನ್ನು ದೂರದ ಯಾವುದೋ ಕಂಪ್ಯೂಟರ್ ಮಾಡುತ್ತದೆ. ಆಯಿತೋ ಇಲ್ಲವೋ ಎಂದು ನಾವು ಪದೇ ಪದೇ ಹೋಗಿ ಇಣುಕಬೇಕು. ಇಣುಕುವುದು ತಪ್ಪಲೆಂದು ದೊಡ್ಡ ದೊಡ್ಡ ಕಂಪನಿಗಳು ಒಂದು ಚಾಟ್ ಬಾಟ್ ಇಟ್ಟುಕೊಂಡಿರುತ್ತವಂತೆ. ಅದು ಗ್ರೂಪಿನಲ್ಲಿ ತಾನೇ ಬಂದು 'ಆಯಿತು', 'ಆಗಲಿಲ್ಲ' ಎಂದು ವರದಿ ಒಪ್ಪಿಸುತ್ತದೆ. ವಿಡಿಯೋದಲ್ಲಿ ಅದನ್ನು ನೋಡಿದ ದಿನ ನನಗೆ ನಿದ್ದೆಯೇ ಹತ್ತಲಿಲ್ಲ. ಇಬ್ಬರೇ ಇರುವ ನಮ್ಮ ತಂಡಕ್ಕೆ ವರದಿಗಾರ ಯಾಕೆ ಎಂದು ಯಾರೂ ಕೇಳಬೇಡಿ. ಮಜ್ಜಿಗೆಗೆ ಸೈಕಲ್ ಯಾಕೆ?

ಬಾಟ್ ಹೇಗೆ ಮಾತಾಡಬೇಕು ಎಂಬುದೇ ದೊಡ್ಡ ಚರ್ಚೆಯಾಯಿತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬರುತ್ತಿದೆ ಎಂದು ಹೇಳುವ ಧ್ವನಿಯನ್ನು ಕೇಳಿದ್ದೀರಲ್ಲ? ರೈಲು ಬಂದರೂ ಅದೇ ಧ್ವನಿ, ಬರದಿದ್ದರೂ ಅದೇ ಧ್ವನಿ. ವಿಷಾದವನ್ನೂ ಅದು ಪ್ಲಾಟ್‌ಫಾರಂ ನಂಬರ್ ಹೇಳಿದಷ್ಟೇ ತಣ್ಣಗೆ ಹೇಳುತ್ತದೆ. ಹಾಗಿರಬಾರದು ಅನ್ನಿಸಿತು. ಶೆಲ್ವಿಯ ಪಾಟಿ, ಅಂದರೆ ಅಜ್ಜಿ, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ಅವರ ಮನೆಯವರು ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು.

"ನಮ್ಗೆ ಸಂಗು ಇತ್ತು ಮ್ಮಾ" ಅಂದರು ಪಾಟಿ. ಸಂಗು ಎಂದರೆ ಗಣಿಯ ಸೈರನ್, ಲೈನ್ ಎಂದರೆ ಗಣಿ ಕೆಲಸದವರ ಮನೆಗಳ ಸಾಲು. "ಶಿಫ್ಟ್‌ಗೆ ಒಂದ್ಸಲ ಕೂಗೋದು. ಹೊತ್ತಲ್ಲದ ಹೊತ್ತಲ್ಲಿ ಕೂಗಿದ್ರೆ ಲೈನ್‌ಗೆ ಲೈನೇ ಓಡೋದು. ಯಾರ್ಗಾಯ್ತು, ಏನಾಯ್ತು, ಯಾಕಾಯ್ತು, ಅದೊಂದೂ ಹೇಳ್ದು. ಬರೀ ಕೂಗೋದು. ಹೇಳೋ ಬಾಯಿ ಇದ್ದಿದ್ರೆ ಎಷ್ಟೋ ಹೊಟ್ಟೆ ಉರಿ ಉಳೀತಿತ್ತು."

ಆ ಮಾತಿಗೇ ನಾನು ಬಾಟ್‌ಗೆ ಮೂರನೆಯ ಸಾಲು ಸೇರಿಸಿದ್ದು. ಮೊದಲು ಕೆಲಸ, ಆಮೇಲೆ ಸ್ಥಿತಿ, ಕೊನೆಗೆ ಕಾರಣ. ಕಾರಣ ಬರೆಯದೆ ವಿಫಲ ಎನ್ನುವಂತಿಲ್ಲ.

ಇಲ್ಲಿ ಸ್ವಲ್ಪ ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು. ನನ್ನ ಅಮ್ಮನ ಅಕ್ಕ, ಹೆಸರು ವೆಂಕಟಮ್ಮ, ಮನೆ ನಮ್ಮ ಎದುರಿಗೇ. ದೊಡ್ಡಪ್ಪ ಗಾರೆ ಕೆಲಸಕ್ಕೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಹಗಲೆಲ್ಲ ದೊಡ್ಡಮ್ಮನ ಜೊತೆಗಿದ್ದದ್ದು ಬೆಳ್ಳಿ ಎಂಬ ಹಸು. ದೊಡ್ಡಮ್ಮ ಊಟಕ್ಕೆ ಕೂರುತ್ತಿದ್ದದ್ದೇ ಹಿತ್ತಲ ಬಾಗಿಲಲ್ಲಿ, ಕೊಟ್ಟಿಗೆಗೆ ಮುಖ ಮಾಡಿ. ಮುದ್ದೆಯ ಕೊನೆಯ ತುತ್ತು ಬೆಳ್ಳಿಯದು. ಆ ಬೆಳ್ಳಿ ಕಾಯಿಲೆ ಬಿದ್ದು ಸತ್ತುಹೋಯಿತು. ಅಂದಿನಿಂದ ದೊಡ್ಡಮ್ಮ ಡೈರಿಯ ಕಡೆ ತಲೆ ಹಾಕಲಿಲ್ಲ. ಗ್ರೂಪಿನಿಂದ ಅವಳ ಹೆಸರು ತೆಗೆಯುವ ಧೈರ್ಯ ಸೆಕ್ರೆಟರಿಗೂ ಬರಲಿಲ್ಲ.

"ಅವ್ಳು ಉಣ್ತಾ ಇಲ್ಲ ಕಣೇ" ಎಂದು ಅಮ್ಮ ದಿನಾ ಗೋಳಾಡುತ್ತಿದ್ದಳು. "ಬಳೆ ನೋಡಿದ್ಯಾ? ಮೊಣಕೈ ತಂಕ ಜಾರ್ತವೆ. ಕೇಳಿದ್ರೆ ಆಯ್ತು ಅಂತಾಳೆ."

ಹೌದು, ಕೇಳಿದರೆ ಆಯ್ತು ಎನ್ನುತ್ತಿದ್ದಳು. ನಮ್ಮಲ್ಲಿ ಯಾರು ಇಲ್ಲ ಎನ್ನುತ್ತಾರೆ ಹೇಳಿ? ಎದುರಿಗೆ ಸಿಕ್ಕವರನ್ನು 'ಊಟ ಆಯ್ತಾ' ಎಂದು ಕೇಳುತ್ತೇವೆ. ಅವರು 'ಆಯ್ತು, ನಿಮ್ದು?' ಎನ್ನುತ್ತಾರೆ. ಹೊಟ್ಟೆ ತಾಳ ಹಾಕುತ್ತಿದ್ದರೂ ಆಯ್ತು. ಬಸ್ಸಿನ ಕಿಟಕಿಯಿಂದ ಕೇಳಿದರೂ ಆಯ್ತು. ಕೋಡ್ ಬರೆಯುವವರಲ್ಲಿ ಒಂದು ತಿಳಿವಳಿಕೆ ಇದೆ: ಏನೇ ಕೊಟ್ಟರೂ ಪಾಸ್ ಎನ್ನುವ ಪರೀಕ್ಷೆ ಇದ್ದರೆ, ಅದು ಪರೀಕ್ಷೆಯೇ ಇಲ್ಲದ್ದಕ್ಕಿಂತ ಅಪಾಯ. ಇದನ್ನು ಓದಿದಾಗ ನಾನು ಬೆಚ್ಚಿಬಿದ್ದೆ. ನಮ್ಮ ಇಡೀ ತಾಲ್ಲೂಕು ಆ ಪರೀಕ್ಷೆಯ ಮೇಲೆಯೇ ನಡೆಯುತ್ತಿದೆಯಲ್ಲ! ಅಮ್ಮ ಉಪಾಯ ಮಾಡಿ ಸಾರು ಕಳಿಸಿದರೆ ದೊಡ್ಡಮ್ಮ ಪಾತ್ರೆ ತೊಳೆದು, ಬರಿದಾಗಿ ಕೊಡಬಾರದೆಂದು ಅವರೆಕಾಳು ತುಂಬಿ ವಾಪಸ್ ಕಳಿಸುತ್ತಿದ್ದಳು. ಆ ಸಾರು ಯಾರ ಹೊಟ್ಟೆ ಸೇರಿತೋ ಯಾವ ಬಾಟ್ ಹೇಳಬೇಕು?

ಸರಿ, ಬಾಟ್ ಸಿದ್ಧವಾಯಿತು. ಅದಕ್ಕೂ 'ಹಾಲಿನ ಗಾಡಿ' ಎಂದೇ ಹೆಸರಿಟ್ಟೆ. ಮುಂದೆ ಗಾಡಿಯ ಸುದ್ದಿ ಹೇಳಲು ಬೇಕಾಗುತ್ತದೆಂದು ಡೈರಿ ಗ್ರೂಪಿಗೂ ಅದನ್ನು ಮೊದಲೇ ಸೇರಿಸಿಟ್ಟಿದ್ದೆ. ಯಾವ ಗ್ರೂಪಿನಲ್ಲಿ ಮಾತಾಡಬೇಕೆಂದು ಬಾಟ್‌ಗೆ ತಿಳಿಸಲು ಆ ಗ್ರೂಪಿನ ನಂಬರ್ ಕೊಡಬೇಕು. ಗ್ರೂಪುಗಳ ನಂಬರ್ ನೋಡಿದ್ದೀರಾ? ಮೈನಸ್ ಗುರುತಿನಿಂದ ಶುರುವಾಗಿ, ಗೂಡ್ಸ್ ರೈಲಿನ ಹಾಗೆ ಬರುತ್ತಲೇ ಇರುತ್ತವೆ. ಎರಡು ಗೂಡ್ಸ್ ರೈಲು ಪಕ್ಕಪಕ್ಕ ನಿಂತರೆ ಯಾವುದು ಯಾವುದೆಂದು ಹೇಳುವಿರಾ? ನಾನು ಹೇಳಬಲ್ಲೆ ಅಂದುಕೊಂಡೆ. ಸಾಲದ್ದಕ್ಕೆ, ಶೆಲ್ವಿಯ ಮೇಲೆ ಸ್ವಲ್ಪ ಅಧಿಕಾರ ಚಲಾಯಿಸೋಣವೆಂದು ವರದಿಯ ಕೊನೆಗೆ ಒಂದು ಸಾಲು ಸೇರಿಸಿದೆ. ತಾಲ್ಲೂಕು ಆಫೀಸಿನ ಗೋಡೆಯ ಮೇಲೆ ಓದಿದ ಭಾಷೆ: 'ಎಲ್ಲರೂ ತಮ್ಮ ತಮ್ಮ ಕೆಲಸದ ಸ್ಥಿತಿಯನ್ನು ಇದೇ ರೀತಿ ತಿಳಿಸತಕ್ಕದ್ದು.'

ಬೆಳಗ್ಗೆ ಎಲ್ಲ ಚಾಲೂ ಮಾಡಿ, ಬಸ್ಸು ಹತ್ತಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿದು ಊರಿಗಾಂಗೆ ಹೋದೆ. ಮೊದಲ ವರದಿ ಬರುವಾಗ ಇಬ್ಬರೂ ಜೊತೆಗಿರಬೇಕೆಂದು ಆಸೆ. ಮೆಟ್ಟಿಲ ಮೇಲೆ ಕೂತು, ಪಾಟಿ ಕೊಟ್ಟ ಕಾಫಿ ಹಿಡಿದು, ನಮ್ಮ ಇಬ್ಬರ ಗ್ರೂಪನ್ನೇ ನೋಡುತ್ತಿದ್ದೆವು. ಏನೂ ಬರಲಿಲ್ಲ. ಕಾಗೆ ಕೂತಿತು, ಹಾರಿತು. ಆಗಲೂ ಏನೂ ಬರಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಏನೇ ಕವಿತಾ, ಡೈರಿನೋರು ಇದ್ಯಾವ ಒಸ ರೂಲ್ಸು ಮಾಡವ್ರೆ? ನಾನೂ ಆಕ್ಬೇಕಾ?"

"ಯಾವ್ ರೂಲ್ಸಮ್ಮ?"

"ಅದೇ ಕಣೇ, ಯಾರ್ ಏನ್ ಕೆಲ್ಸ ಮಾಡಿದ್ರಿ, ಆಯ್ತಾ ಇಲ್ವಾ, ಯಾಕೆ ಅಂತ. ಆಲಿನ ಗಾಡಿ ಅನ್ನೋರು ಬೆಳಿಗ್ಗೆಯಿಂದ ಕೇಳ್ತಾನೇ ಅವ್ರೆ. ಎಲ್ಲಾರೂ ಆಕ್ಬಿಟ್ರು. ನಮ್ ಮನೇದೊಂದು ಬಂದಿಲ್ಲ ಅಂದ್ರೆ ಆ ಸೆಕ್ರೆಟರಿ ನಾಳೆ ಎಲ್ಲಾರ್ ಮುಂದೆ ನಿಲ್ಸಿ ಕೇಳ್ತಾನೆ."

ಲೋಟ ಬಿದ್ದದ್ದು ಆಗ. ಸೆಕ್ರೆಟರಿಯ ಆ ಪದ್ಧತಿ ನನಗೂ ಗೊತ್ತು. ಗ್ರೂಪಿನಲ್ಲಿ ಡೈರಿಯ ಸೂಚನೆ ಬಂದರೆ ಪ್ರತಿ ಮನೆಯವರೂ ಉತ್ತರ ಹಾಕಲೇಬೇಕು. ಹಾಕದವರನ್ನು ಬೆಳಗ್ಗೆ ಹಾಲಿನ ಸಾಲಿನಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಬಾಟ್ ಬೆಳಗ್ಗೆಯಿಂದ ಡೈರಿ ಗ್ರೂಪಿನಲ್ಲಿ ನಿಂತುಕೊಂಡು 'ಕೆಲಸ: ಕಟ್ಟುವುದು. ಸ್ಥಿತಿ: ವಿಫಲ. ಕಾರಣ: ಬೇಕಾದ ಫೈಲ್ ಸಿಗಲಿಲ್ಲ' ಎಂದು ಸಾರಿ, ಎಲ್ಲರಿಗೂ 'ತಿಳಿಸತಕ್ಕದ್ದು' ಹಾಕುತ್ತಿತ್ತು. ವಿಫಲವಾದರೆ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಪ್ರಯತ್ನಿಸಲಿ ಎಂದು ಬೇರೆ ಕಲಿಸಿದ್ದೆ. ಪ್ರಯತ್ನಿಸುತ್ತಲೇ ಇತ್ತು, ಪಾಪ.

ಶೆಲ್ವಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಎನ್ನಡೀ ಪಣ್ಣಿಟ್ಟೆ!" ಏನೇ ಮಾಡಿಬಿಟ್ಟೆ ಎಂದು ತಮಿಳಿನಲ್ಲಿ ಕೂಗಿದವಳು, ಓದುತ್ತಾ ಓದುತ್ತಾ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಉರುಳಿದಳು.

ಸುಶೀಲಮ್ಮ: ಕೆಲಸ ಕೊಟ್ಟಿಗೆ ಕಸ. ಸ್ಥಿತಿ ಯಶಸ್ವಿ.

ಮಂಜುಳಕ್ಕ: ಕೆಲಸ ಇಟ್ಟು ಮಾಡೋದು. ಸ್ಥಿತಿ ವಿಫಲ. ಕಾರಣ ನಮ್ಮ ಅತ್ತೆ ಮಧ್ಯದಲ್ಲಿ ಮಾತಾಡ್ಸಿದ್ರು.

ಅದರ ಕೆಳಗೇ ಅದೇ ಅತ್ತೆಯ ಧ್ವನಿ ಸಂದೇಶ: "ನಾನೆಲ್ಲಿ ಮಾತಾಡ್ಸಿದ್ನೇ? ನೀನ್ ಫೋನ್ ನೋಡ್ಕೊಂಡು ತೊಳಸಿದ್ರೆ ಗಂಟಾಗ್ದೆ ಇನ್ನೇನಾಯ್ತದೆ? ಎಲ್ಲಾರೂ ಕೇಳ್ರಮ್ಮಾ, ಕಾರಣ ಸುಳ್ಳು!"

ಒಬ್ಬರು ಮೇವು ಕೊಯ್ದಿದ್ದರು, ಯಶಸ್ವಿ. ಒಬ್ಬರು ಕೆಲಸಕ್ಕೆ ಹೋಗಿರಲಿಲ್ಲ, ವಿಫಲ, ಕಾರಣ ರೈಲು ತಪ್ಪಿತು. ಅವರ ಹೆಂಡತಿ ಕೆಳಗೆ ಬರೆದಿದ್ದರು, 'ರೈಲು ಬರೋಕ್ ಮುಂಚೆ ಎದ್ದಿರ್ಬೇಕು'. ಫೋನ್ ಇಟ್ಟ ಕೂಡಲೇ ನನ್ನ ಅಮ್ಮನೂ ಹಾಕಿದ್ದಳು: ಕೆಲಸ ಮಗಳನ್ನ ಬೆಳ್ಸೋದು. ಸ್ಥಿತಿ ಇನ್ನೂ ನಡೀತೈತೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ 'ನೋಡಿದೆ' ಎಂಬುದನ್ನು ಬಿಟ್ಟು ಒಂದಕ್ಷರ ಬರೆಯದಿದ್ದ ಗ್ರೂಪು ಇದು. ಕೆಳಗೆ ಸರಿಸುತ್ತಾ ಹೋದ ಶೆಲ್ವಿ ಒಮ್ಮೆಗೇ ನಗು ನಿಲ್ಲಿಸಿದಳು. "ಇದ್ಯಾರು?" ಎಂದು ಫೋನನ್ನು ನನ್ನ ಕಡೆ ತಿರುಗಿಸಿದಳು.

ವೆಂಕಟಮ್ಮ: ಕೆಲಸ ಊಟ ಸ್ಥಿತಿ ವಿಫಲ ಕಾರಣ ಕೊಟ್ಟಿಗೆ ಕಾಣ್ತೈತೆ

ಚುಕ್ಕಿ ಇಲ್ಲ, ಗೆರೆ ಇಲ್ಲ. ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆದದ್ದು. ಎದುರು ಮನೆಯವಳು, ಸ್ವಂತ ದೊಡ್ಡಮ್ಮ, ದಿನಾ ನನ್ನನ್ನು ನೋಡಿ ಆಯ್ತು ಆಯ್ತು ಎಂದವಳು!

ಆಮೇಲೆ ಯಾರೂ ಏನೂ ಬರೆದಿರಲಿಲ್ಲ. ನನ್ನ ಬಾಟ್ ಮಾತ್ರ, ಹೊತ್ತು ಗೊತ್ತಿಲ್ಲದ್ದು, ಅವಳ ಮಾತಿನ ಕೆಳಗೇ ಬಂದು ಹೇಳಿತ್ತು: 'ಸ್ಥಿತಿ: ವಿಫಲ. ಮತ್ತೆ ಪ್ರಯತ್ನಿಸುತ್ತಿದ್ದೇನೆ.'

ಅದಕ್ಕೆ ದೊಡ್ಡಮ್ಮ ಉತ್ತರ ಕೊಟ್ಟಿದ್ದಳು: 'ನಿಂದೂ ಅಷ್ಟೇನಾ. ಇರ್ಲಿ ಬಿಡು.'

ಈಗ ಹೇಳಿ, ಲೋಟ ಕೆಳಗಿಟ್ಟದ್ದು ಒಳ್ಳೆಯದಾಯಿತಲ್ಲವೇ?

ಆ ಹೊತ್ತಿಗೆ ಸರಿಯಾಗಿ ಸೆಕ್ರೆಟರಿಯ ಫೋನ್. ಅವರು ಮನೆಯಲ್ಲಿ ತೆಲುಗು, ಡೈರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. "ಏಮಮ್ಮಾ ಇದು ಗೋಲ? ಏನ್ ಗಲಾಟೆ ಇದು? ಆಲು ಅಳೆಯೋದು ಬಿಟ್ಟು ಎಲ್ಲಾರ್ ಮನೆ ಇಟ್ಟಿನ ಪಂಚಾಯ್ತಿ ಮಾಡ್ಲಾ ನಾನು? ತೆಗಿ ಅದನ್ನ. ಎಲ್ಲಾ ಅಳಿಸಾಕು."

ಅಳಿಸುವುದು ಸುಲಭವಿತ್ತು. ಅಡ್ಮಿನ್ ನಾನೇ. ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಬೆರಳು ಅದರ ಮೇಲೆಯೇ ಇತ್ತು. ಆದರೆ ಅಳಿಸಿದರೆ ಏನಾಗುತ್ತದೆ? ಕೇಳಿದ್ದು ಡೈರಿಯವರಲ್ಲ, ಎದುರು ಮನೆ ಹುಡುಗಿಯ ಯಂತ್ರ ಎಂದು ತಿಳಿದರೆ ದೊಡ್ಡಮ್ಮ ನಾಚಿಕೊಂಡು ಮತ್ತೆ 'ಆಯ್ತು'ಗೆ ಹೋಗಿ ಸೇರುತ್ತಾಳೆ. ಆಮೇಲೆ ಅಲ್ಲಿಂದ ಅವಳನ್ನು ಹೊರಗೆ ಕರೆಯುವುದು ಯಾರು? ಅಳಿಸದಿದ್ದರೆ, ಅವಳ ಸಂಕಟ ಊರಿನ ಎಲ್ಲ ಫೋನುಗಳಲ್ಲೂ ಕೂತಿರುತ್ತದೆ. ಕೋಡಿನಲ್ಲಿ ಇಂಥದ್ದಕ್ಕೆ ಏನು ಬರೆಯಬೇಕೆಂದು ಯಾವ ವಿಡಿಯೋದಲ್ಲೂ ಹೇಳಿಕೊಟ್ಟಿರಲಿಲ್ಲ.

ಅಮ್ಮನ ಫೋನ್ ಮತ್ತೆ ಬಂತು. ಈ ಸಲ ದನಿ ಬೇರೆಯಾಗಿತ್ತು.

"ನೋಡ್ದಾ?"

"ನೋಡ್ದೆ ಕಣಮ್ಮ. ಅದು ಡೈರಿದಲ್ಲ, ನಂದು. ತಪ್ಪಾಗಿ ಅಲ್ಲಿಗೋಗ್ಬಿಟ್ಟೈತೆ. ಅಳಿಸ್ಬಿಡ್ಲಾ?"

"ಕೈ ಮುರಿದಾಕ್ತೀನಿ. ಅಳಿಸಿದ್ರೆ, ನಾನೆಲ್ಲಿ ಅಂಗಂದೆ ಅಂತಾಳೆ ಅವ್ಳು. ಅದು ಅಲ್ಲೇ ಇರ್ಲಿ. ನಾನ್ ಓಗ್ತಾ ಇದೀನಿ." ತಟ್ಟೆ ಸದ್ದಾಯಿತು, ಫೋನ್ ಇಟ್ಟಳು.

ಬಾಟನ್ನು ಮಾತ್ರ ನಿಲ್ಲಿಸಿ, ಮುಂದಿನ ರೈಲಿಗೆ ಓಡಿದೆ. ಬಂಗಾರಪೇಟೆಯವರೆಗೆ ಗ್ರೂಪನ್ನು ಹತ್ತಾರು ಸಲ ತೆರೆದು ನೋಡಿದೆ. ಯಾರೂ 'ಅಯ್ಯೋ' ಎಂದು ಬರೆದಿರಲಿಲ್ಲ, ಅಳುವ ಮುಖದ ಚಿತ್ರ ಹಾಕಿರಲಿಲ್ಲ. ಒಬ್ಬರಾದರೂ ಒಂದು ಮಾತು ಬರೆಯಬಾರದೇ ಎಂದು ನಮ್ಮ ಬೀದಿಯವರ ಮೇಲೆ ಸಿಟ್ಟು ಬಂತು. ಕಾಮಸಮುದ್ರದ ಬಸ್ಸು ಬೇರೆ ಅವತ್ತೇ ಪ್ರತಿ ಮರಕ್ಕೂ ನಿಲ್ಲುತ್ತಿತ್ತು.

ಬೀದಿಯ ತಿರುವಿಗೆ ಬಂದವಳು ಹಾಗೇ ನಿಂತುಬಿಟ್ಟೆ. ದೊಡ್ಡಮ್ಮನ ಮನೆಯ ಮುಂದಿನ ಜಗಲಿ ತುಂಬ ಹೆಂಗಸರು. ಎಲ್ಲರ ಮುಂದೆಯೂ ತಟ್ಟೆ. ಯಾರೂ ಬರೆಯದೇ ಇದ್ದದ್ದು ಯಾಕೆಂದು ಆಗ ಗೊತ್ತಾಯಿತು, ಎಲ್ಲರ ಕೈಯಲ್ಲೂ ಪಾತ್ರೆ ಇತ್ತು! ಹಿತ್ತಲ ಬಾಗಿಲಿಗೆ ಅಗಳಿ ಹಾಕಿತ್ತು. ಕೊಟ್ಟಿಗೆ ಕಾಣದ ಕಡೆಗೆ, ಬೀದಿಗೆ ಮುಖ ಮಾಡಿಸಿ, ದೊಡ್ಡಮ್ಮನನ್ನು ಮಧ್ಯದಲ್ಲಿ ಕೂರಿಸಿದ್ದರು. ಮಂಜುಳಕ್ಕ ತನ್ನ ಗಂಟು ಗಂಟು ಮುದ್ದೆಯನ್ನೇ ತಂದಿದ್ದಳು. ಅತ್ತೆ ಪ್ರತಿ ಗಂಟನ್ನೂ ಎತ್ತಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು.

"ನೋಡ್ರಮ್ಮಾ, ಇದನ್ನ ನುಂಗೋಕೆ ಬಾವಿ ಬೇಕು, ಗಂಟ್ಲು ಸಾಲ್ದು!"

ಯಾರೂ ಬೆಳ್ಳಿಯ ಸುದ್ದಿ ಎತ್ತಲಿಲ್ಲ. ಯಾರೂ ದೊಡ್ಡಮ್ಮನಿಗೆ ಊಟ ಆಯ್ತಾ ಎಂದು ಕೇಳಲಿಲ್ಲ. ನಾನು ಕಂಡ ಕೂಡಲೇ ದೊಡ್ಡಮ್ಮನೇ ಕೇಳಿದಳು, "ಏನೇ, ಆ ಗಾಡಿ ನಿಂದಂತೆ? ಆಯ್ತಾ ಅದರ ಕೆಲ್ಸ?"

ಬಾಯಿಗೆ ಬಂದದ್ದು 'ಆಯ್ತು ದೊಡ್ಡಮ್ಮ' ಎಂದೇ. ಅಭ್ಯಾಸ ನೋಡಿ! ಫೈಲ್ ಇನ್ನೂ ಸಿಕ್ಕಿರಲಿಲ್ಲ, ಬಿಲ್ಡ್ ಹಾಗೇ ಬಿದ್ದಿತ್ತು, ಸೆಕ್ರೆಟರಿ ನಾಳೆ ಎಲ್ಲರ ಮುಂದೆ ನನ್ನನ್ನೇ ನಿಲ್ಲಿಸುವುದಿತ್ತು. ಆದರೂ ನಾಲಿಗೆ ಆಯ್ತು ಕಡೆಗೇ ಹೊರಳಿತು. ಕಷ್ಟಪಟ್ಟು ಹಿಡಿದೆ.

"ಇಲ್ಲ ದೊಡ್ಡಮ್ಮ. ಆಗ್ಲಿಲ್ಲ."

"ಯಾಕೆ?"

ಎಷ್ಟು ಸಣ್ಣ ಮಾತು! ಇಷ್ಟು ದಿನ ಅವಳನ್ನು ಇದನ್ನು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾವು ಊಟ ಆಯ್ತಾ ಎಂದು ಕೇಳಿ ಉತ್ತರ ಬರುವ ಮುಂಚೆಯೇ ಮುಂದಿನ ಹೆಜ್ಜೆ ಇಟ್ಟುಬಿಡುತ್ತಿದ್ದೆವು. ನಾನು ಅಲ್ಲೇ ಕೂತು ಫೈಲ್ ಎಂದರೇನು, ಅದು ಹೇಗೆ ಕಳೆದುಹೋಯಿತು ಎಂದೆಲ್ಲ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ ಕಾಣೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಸಾರಿನ ಪಾತ್ರೆಯ ಒಳಗೆ ಮುಖ ಹಾಕಿದಳು.

ಮರುದಿನ ಬೆಳಗ್ಗೆ, ಬಾಟ್ ನಿಂತಿದ್ದರೂ, ಯಾರೂ ಕೇಳದಿದ್ದರೂ, ಡೈರಿ ಗ್ರೂಪಿನಲ್ಲಿ ಒಂದು ವರದಿ ಬಂತು:

ವೆಂಕಟಮ್ಮ: ಕೆಲಸ ಊಟ ಸ್ಥಿತಿ ಅರ್ಧ

ನಾನು ಮತ್ತೆ ದಂಗಾದೆ. ಅರ್ಧ! ನನ್ನ ಬಾಟ್‌ಗೆ ಯಶಸ್ವಿ, ವಿಫಲ ಎರಡೇ ಗೊತ್ತು. ದೊಡ್ಡ ದೊಡ್ಡ ಕಂಪನಿಗಳ ಬಾಟ್‌ಗಳೂ ಅಷ್ಟೇ ಇರಬೇಕು, ಹಸಿರು, ಇಲ್ಲವೇ ಕೆಂಪು. ಮನುಷ್ಯರು ಹೆಚ್ಚಿನ ದಿನ ಇರುವ ಜಾಗಕ್ಕೆ ಅವುಗಳಲ್ಲಿ ಹೆಸರೇ ಇಲ್ಲ. ಆ ಮಧ್ಯಾಹ್ನವೇ ಟ್ಯಾಂಕಿಗೆ ಒರಗಿ ಕೂತು ಮೂರನೆಯ ಸ್ಥಿತಿಯನ್ನು ಸೇರಿಸಿದೆ. ಸೆಕ್ರೆಟರಿ ಗ್ರೂಪಿನಿಂದ ಬಾಟನ್ನು ಹೊರಗೆ ಹಾಕಿದರು, ನನ್ನ ಅಡ್ಮಿನ್ ಪದವಿಯೂ ಹೋಯಿತು. ಬಿಲ್ಡ್ ಕೊನೆಗೂ ಆಯಿತು. ಹಾಲಿನ ಗಾಡಿ ಎಲ್ಲಿದೆ ಎಂದು ಈಗ ಬಹಳ ಮಟ್ಟಿಗೆ ಸರಿಯಾಗಿಯೇ ತೋರಿಸುತ್ತದೆ. ಹೆಂಗಸರು ಮಾತ್ರ ತಮ್ಮದೇ ಬೇರೆ ಗ್ರೂಪು ಮಾಡಿಕೊಂಡಿದ್ದಾರೆ. ಅಲ್ಲಿ ಬಾಟ್ ಇಲ್ಲ, ತಕ್ಕದ್ದೂ ಇಲ್ಲ, ಆದರೆ ಕಾರಣದ ಸಾಲು ಇದೆ. ದೊಡ್ಡಮ್ಮನ ಊಟ ಅರ್ಧದಿಂದ ಮುಕ್ಕಾಲಿಗೆ ಬಂದಿದೆ ಎಂದು ಸುದ್ದಿ. ಬಳೆ ಮೊಣಕೈಯಿಂದ ಸ್ವಲ್ಪ ಕೆಳಗಿಳಿದಿದೆ, ಅದನ್ನು ನಾನೇ ನೋಡಿದ್ದೇನೆ.

ಈಗ ನಿಮ್ಮ ಸರದಿ. ನಿಮ್ಮ ಮನೆಯ, ನಿಮ್ಮ ಬೀದಿಯ ಒಂದು ವರದಿ ನನಗೆ ಬರೆದು ಕಳಿಸಿ. ನೀವು ಯಾರಿಗಾದರೂ ಬಾಯಿತಪ್ಪಿ ನಿಜ ಹೇಳಿದ ದಿನ, ಅಥವಾ ನಿಮಗೆ ಯಾರಾದರೂ ಹೇಳಿದ ದಿನ ಏನಾಯಿತು? ಕೆಲಸ ಬರೆಯಿರಿ, ಸ್ಥಿತಿ ಬರೆಯಿರಿ. ಅರ್ಧ ಎಂದರೂ ನಡೆಯುತ್ತದೆ. ಆಯ್ತು ಎಂದು ಮಾತ್ರ ಬರೆದರೆ ನಾನು ನಂಬುವುದಿಲ್ಲ. ಯಾಕೆ ಎಂದು ವಾಪಸ್ ಕೇಳುತ್ತೇನೆ.